ದೂರವಾಣಿಯ ತಂತಿ, ವಿದ್ಯುತ್ತಿನ ಲೆಕ್ಕ

ಹಿಂದಿನ ಕಾಲದ ದೂರವಾಣಿಗೆ ಒಂದು ವಿಶೇಷ ಗುಣವಿತ್ತು. ಊರಿಗೆ ಊರೇ ಕತ್ತಲಲ್ಲಿ ಮುಳುಗಿದ್ದರೂ ಅಂಗಡಿಯ ಮೇಜಿನ ಮೇಲಿದ್ದ ಫೋನು ಮಾತ್ರ ಗಣಗಣಿಸುತ್ತಿತ್ತು. ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಮೇಣದಬತ್ತಿ ಹಚ್ಚಿಟ್ಟುಕೊಂಡು ಮಾರುಕಟ್ಟೆಯ ದಲಾಲರು ಪರಊರಿನ ಧಾರಣೆ ವಿಚಾರಿಸುತ್ತಿದ್ದರು. ಯಂತ್ರಗಳು ನಿಂತ ಕಾರ್ಖಾನೆಯಿಂದ ಮಾಲೀಕರು ಗಿರಾಕಿಗೆ ಸಮಜಾಯಿಷಿ ಹೇಳುತ್ತಿದ್ದರು. ಆ ಫೋನಿಗೆ ಬೇಕಾದ ವಿದ್ಯುತ್ತು ಅಂಗಡಿಯ ಮೀಟರಿನಿಂದ ಬರುತ್ತಿರಲಿಲ್ಲ. ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿ ಕೋಣೆಯಿಂದ 48 ವೋಲ್ಟ್‌ನ ಡಿ.ಸಿ. ವಿದ್ಯುತ್ತು ಮಾತು ಹರಿಯುವ ಅದೇ ಜೋಡಿ ತಾಮ್ರದ ತಂತಿಗಳಲ್ಲಿ ಹರಿದು ಬರುತ್ತಿತ್ತು. ಚಂದಾದಾರರು ತಿಂಗಳ ಬಾಡಿಗೆ ಕಟ್ಟಿದರೆ ಸಾಕಿತ್ತು. ವಿದ್ಯುತ್ತಿನ ಚಿಂತೆ ದೂರವಾಣಿ ಇಲಾಖೆಯದಾಗಿತ್ತು.

ಆ ವ್ಯವಸ್ಥೆ ಈಗ ಬಹುತೇಕ ಮರೆಯಾಗಿದೆ. ತಾಮ್ರದ ಜೋಡಿಯ ಸ್ಥಳಕ್ಕೆ ಗಾಜಿನ ಎಳೆ ಬಂದಿದೆ. ಗಾಜಿನ ಎಳೆ ಬೆಳಕನ್ನು ಒಯ್ಯುತ್ತದೆ, ಕರೆಂಟನ್ನು ಒಯ್ಯಲಾರದು. ಕಚೇರಿಯೊಳಗಿನ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆಯ ಜಾಗದಲ್ಲಿ ಗಣಕಯಂತ್ರಗಳ ಜಾಲದ ಮೇಲೆಯೇ ನಡೆಯುವ ಐ.ಪಿ. ದೂರವಾಣಿಗಳು ಕುಳಿತಿವೆ. ಇದರಿಂದ ಕರೆಯ ವೆಚ್ಚ ತಗ್ಗಿದ್ದು ನಿಜ, ಶಾಖೆಯಿಂದ ಶಾಖೆಗೆ ಮಾತು ಸಲೀಸಾಗಿದ್ದೂ ನಿಜ. ಆದರೆ ಈ ಬದಲಾವಣೆಯ ಜೊತೆಗೆ ಒಂದು ಹೊಣೆಯೂ ಸದ್ದಿಲ್ಲದೆ ವಿನಿಮಯ ಕೇಂದ್ರದಿಂದ ವರ್ತಕರ ಹೆಗಲಿಗೆ ಬಂದು ಕುಳಿತಿದೆ. ಫೋನಿಗೆ ವಿದ್ಯುತ್ತು ಕೊಡುವ ಹೊಣೆ ಅದು. ಈ ಹೊಣೆಯ ಲೆಕ್ಕವನ್ನು ಖರೀದಿಯ ಹೊತ್ತಿನಲ್ಲಿ ಹಾಕುವವರು ವಿರಳ. ಕರೆಂಟು ಹೋದ ದಿನವೇ ಅದು ಅರಿವಿಗೆ ಬರುತ್ತದೆ.

ಮೊಬೈಲ್ ಇರುವಾಗ ಮೇಜಿನ ಫೋನಿನ ಚಿಂತೆ ಏಕೆ ಎಂಬ ಪ್ರಶ್ನೆ ಸಹಜವೇ. ವ್ಯಾಪಾರದ ದೃಷ್ಟಿಯಿಂದ ಅದಕ್ಕೆ ಉತ್ತರವೂ ಇದೆ. ಮೇಜಿನ ಮೇಲಿನ ಸಂಖ್ಯೆ ಸಂಸ್ಥೆಯದು. ಮೊಬೈಲ್ ಸಂಖ್ಯೆ ಅನೇಕ ಕಡೆ ನೌಕರನದು. ನೌಕರ ಕೆಲಸ ಬಿಟ್ಟ ದಿನ ಗಿರಾಕಿಗಳ ಅರ್ಧ ಪರಿಚಯವೂ ಅವನ ಜೇಬಿನಲ್ಲೇ ಹೊರಟುಹೋಗುತ್ತದೆ. ಅಲ್ಲದೆ ವಿಷಯ ಈಗ ಫೋನಿಗಷ್ಟೇ ಸೀಮಿತವಾಗಿಲ್ಲ. ಕಾವಲು ಕ್ಯಾಮೆರಾ, ವೈ-ಫೈ ಪೆಟ್ಟಿಗೆ, ಹಾಜರಾತಿಯ ಬೆರಳಚ್ಚು ಯಂತ್ರ, ಬಾಗಿಲಿನ ಬೀಗ ಎಲ್ಲವೂ ಅದೇ ಜಾಲಕ್ಕೆ ಜೋಡಣೆಯಾಗಿವೆ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಸಂಸ್ಥೆಗಳು ನೋಂದಾಯಿತ ವ್ಯಾಪಾರಿಗಳಿಗೆ ಮಾರುವಾಗ ಇ-ಇನ್‌ವಾಯ್ಸ್ ಹೊರಡಿಸುವುದು ಕಡ್ಡಾಯವಾಯಿತು. ಜಾಲ ಸತ್ತರೆ ಬಿಲ್ಲು ಹುಟ್ಟುವುದಿಲ್ಲ. ಬಿಲ್ಲು ಹುಟ್ಟದಿದ್ದರೆ ಮಾಲು ತುಂಬಿದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಲಾರಿಯ ಕಾಯುವಿಕೆ ಬಾಡಿಗೆಯನ್ನು ಯಾರು ಕೊಡಬೇಕೆಂಬುದು ಬೇರೆ ಜಗಳ.

ಈ ಹಿನ್ನೆಲೆಯಲ್ಲಿ ‘ಪವರ್ ಓವರ್ ಈಥರ್‌ನೆಟ್’ ಎಂಬ ವ್ಯವಸ್ಥೆಯನ್ನು ನೋಡಬೇಕು. ಮಾಹಿತಿ ಸಾಗುವ ಜಾಲದ ಕೇಬಲಿನಲ್ಲೇ ಫೋನು, ಕ್ಯಾಮೆರಾಗಳಿಗೆ ಬೇಕಾದ ವಿದ್ಯುತ್ತನ್ನೂ ಕಳುಹಿಸುವ ವಿಧಾನವಿದು. ಮಾರಾಟಗಾರರು ಇದನ್ನು ‘ಪಿ.ಒ.ಇ.’ ಎಂದು ಕರೆಯುತ್ತಾರೆ. ಪ್ರತಿ ಫೋನಿನ ಬಳಿ ಒಂದು ಪ್ಲಗ್ ಪಾಯಿಂಟ್, ಅದಕ್ಕೊಂದು ಅಡಾಪ್ಟರ್ ಎಂಬ ಜಂಜಾಟ ಇದರಲ್ಲಿಲ್ಲ. ಗೋದಾಮಿನ ಚಾವಣಿಗೆ ಕ್ಯಾಮೆರಾ ಹಾಕಬೇಕಾದರೆ ಅಲ್ಲಿಗೆ 230 ವೋಲ್ಟ್‌ನ ಲೈನ್ ಎಳೆಯಬೇಕಾಗಿಲ್ಲ. ಹತ್ತಿಯ ಗೋದಾಮು, ಬಣ್ಣದ ಅಂಗಡಿಗಳಂಥ ಕಡೆ ಇದರ ಬೆಲೆ ತಿಳಿದವರಿಗೆ ತಿಳಿದಿದೆ.

ಚರಿತ್ರೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು. ಆರಂಭದ ದೂರವಾಣಿಗಳಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಬ್ಯಾಟರಿ ಇರುತ್ತಿತ್ತು. ಅದನ್ನು ಆಗಾಗ ಬದಲಿಸಬೇಕಾಗಿತ್ತು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಎಲ್ಲ ಫೋನುಗಳಿಗೂ ವಿನಿಮಯ ಕೇಂದ್ರದ ಒಂದೇ ಬ್ಯಾಟರಿಯಿಂದ ವಿದ್ಯುತ್ತು ಕೊಡುವ ಪದ್ಧತಿ ಬಂತು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆ ತಯಾರಿಸಿದ ಕಪ್ಪು ಫೋನುಗಳೂ, 1986ರಲ್ಲಿ ಸಿ-ಡಾಟ್ ತನ್ನ ಗ್ರಾಮೀಣ ವಿನಿಮಯ ಕೇಂದ್ರವನ್ನು ಮೊದಲು ನಿಲ್ಲಿಸಿದ ಕಿತ್ತೂರಿನ ಫೋನುಗಳೂ ಈ ಪದ್ಧತಿಯಲ್ಲೇ ನಡೆದವು. ಮೇಜಿಗೊಂದು ಅಡಾಪ್ಟರ್ ಎಂಬುದು ನಡುವೆ ಬಂದುಹೋಗುವ ಅಧ್ಯಾಯ. ಪಿ.ಒ.ಇ. ಬಂದದ್ದರಿಂದ ವಿದ್ಯುತ್ತು ಮತ್ತೆ ಒಂದು ಕೇಂದ್ರಕ್ಕೆ ಮರಳಿದೆ. ಆ ಕೇಂದ್ರ ಈಗ ಇಲಾಖೆಯ ಕಟ್ಟಡದಲ್ಲಿಲ್ಲ, ವರ್ತಕರ ಮಳಿಗೆಯ ಮೂಲೆಯಲ್ಲಿ ಗೋಡೆಗೆ ತೂಗುಹಾಕಿದ ‘ಸ್ವಿಚ್’ ಎಂಬ ಪೆಟ್ಟಿಗೆಯಲ್ಲಿದೆ. ಕುತೂಹಲದ ಸಂಗತಿಯೆಂದರೆ ವೋಲ್ಟೇಜೂ ಹೆಚ್ಚುಕಡಿಮೆ ಅದೇ, 48ರ ಆಸುಪಾಸು. ಹಾಗಾಗಿ ಪಿ.ಒ.ಇ. ಸ್ವಿಚ್ ಕೊಳ್ಳುವ ಮಾಲೀಕರು ವಾಸ್ತವದಲ್ಲಿ ತಮ್ಮದೇ ಒಂದು ಚಿಕ್ಕ ವಿದ್ಯುತ್ ಕೇಂದ್ರವನ್ನು ಕೊಳ್ಳುತ್ತಿದ್ದಾರೆ. ದರಪಟ್ಟಿಯನ್ನು ಆ ದೃಷ್ಟಿಯಿಂದಲೇ ಓದಬೇಕು. ಹಾಗೆ ಓದದ ಕಾರಣದಿಂದಲೇ ಒಳ್ಳೆಯ ವ್ಯವಸ್ಥೆಯೊಂದಕ್ಕೆ ಅನೇಕ ಕಡೆ ಕೆಟ್ಟ ಹೆಸರು ಬರುತ್ತಿದೆ.

ಮಾನದಂಡಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಐ.ಇ.ಇ.ಇ. ಸಂಸ್ಥೆ 2003ರಲ್ಲಿ 802.3ಎಎಫ್ ಎಂಬ ಮಾನದಂಡವನ್ನು ಅಂಗೀಕರಿಸಿತು. ಅದರಂತೆ ಸ್ವಿಚ್ಚಿನ ಒಂದು ಕಿಂಡಿಯಿಂದ 15.4 ವ್ಯಾಟ್ ಹೊರಡುತ್ತದೆ. ನೂರು ಮೀಟರ್ ಕೇಬಲ್ ದಾಟಿದ ಮೇಲೆ ಸಾಧನಕ್ಕೆ 12.95 ವ್ಯಾಟ್ ಖಾತರಿ. 2009ರ 802.3ಎಟಿ ಇದನ್ನು 30 ವ್ಯಾಟ್‌ಗೆ ಏರಿಸಿತು. 2018ರ 802.3ಬಿಟಿ ಕೇಬಲಿನ ನಾಲ್ಕೂ ಜೋಡಿಗಳನ್ನು ಬಳಸಿ 60 ಮತ್ತು 90 ವ್ಯಾಟ್‌ವರೆಗೆ ಕೊಂಡೊಯ್ದಿತು. ಮೇಜಿನ ಫೋನಿಗೆ ಮೊದಲನೆಯದೇ ಧಾರಾಳ. ಈ ಮೂರರಲ್ಲೂ ಒಂದು ಸುರಕ್ಷತೆಯ ಕ್ರಮವಿದೆ. ಸ್ವಿಚ್ ಮೊದಲು ಅತಿ ಕಡಿಮೆ ವೋಲ್ಟೇಜ್ ಕಳುಹಿಸಿ, ತುದಿಯಲ್ಲಿರುವ ಸಾಧನ ಈ ವಿದ್ಯುತ್ತನ್ನು ತೆಗೆದುಕೊಳ್ಳಬಲ್ಲುದೇ ಎಂದು ಪರೀಕ್ಷಿಸುತ್ತದೆ. ಸಾಧನದೊಳಗೆ ಇರಬೇಕಾದ ಸುಮಾರು 25 ಕಿಲೋ ಓಮ್‌ನ ರೋಧ ಕಂಡರೆ ಮಾತ್ರ ಪೂರ್ತಿ ವಿದ್ಯುತ್ತು ಬಿಡುತ್ತದೆ. ಸಾಮಾನ್ಯ ಗಣಕಯಂತ್ರದ ತಂತಿಯನ್ನು ಅದೇ ಕಿಂಡಿಗೆ ಚುಚ್ಚಿದರೂ ಹಾನಿಯಿಲ್ಲದಿರುವುದು ಇದರಿಂದಾಗಿಯೇ.

ಪೇಟೆಯಲ್ಲಿ ಇನ್ನೊಂದು ಬಗೆಯೂ ಸಿಗುತ್ತದೆ. ‘ಪ್ಯಾಸಿವ್’ ಎಂದು ಅದರ ಹೆಸರು. ಅದು ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ; ಕೇಬಲಿನ ತುದಿಯಲ್ಲಿ ಏನೇ ಇರಲಿ, 24 ಅಥವಾ 48 ವೋಲ್ಟ್ ತಳ್ಳುತ್ತಲೇ ಇರುತ್ತದೆ. ಅದಕ್ಕೆಂದೇ ತಯಾರಾದ ಸಾಧನಗಳೊಡನೆ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ಗೊತ್ತಿಲ್ಲದ ಹುಡುಗನೊಬ್ಬ ಅದೇ ತಂತಿಯನ್ನು ಬಿಲ್ಲಿಂಗ್ ಗಣಕಯಂತ್ರಕ್ಕೆ ಚುಚ್ಚಿದರೆ ಯಂತ್ರದ ಜಾಲದ ಕಿಂಡಿ ಸುಟ್ಟುಹೋಗಬಹುದು. ದರಪಟ್ಟಿಯಲ್ಲಿ ‘ಪಿ.ಒ.ಇ.’ ಎಂಬ ಮೂರಕ್ಷರ ಮಾತ್ರವಿದ್ದು ಮಾನದಂಡದ ಸಂಖ್ಯೆ ಇಲ್ಲದಿದ್ದರೆ ವಿಚಾರಿಸದೆ ಮುಂದುವರಿಯಬಾರದು.

ಹೆಚ್ಚಿನ ನಷ್ಟವಾಗುವುದು ಇದಕ್ಕಿಂತ ಸರಳವಾದ ಒಂದು ಕೂಡುವ ಲೆಕ್ಕದಲ್ಲಿ. ಎಂಟು ಕಿಂಡಿಯ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ‘ಪ್ರತಿ ಕಿಂಡಿಗೆ 30 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಎಂಟು ಮೂವತ್ತಲೆ 240 ವ್ಯಾಟ್ ಸಿಗುತ್ತದೆಂದು ಕೊಳ್ಳುವವರು ಭಾವಿಸುತ್ತಾರೆ. ಅದೇ ಪೆಟ್ಟಿಗೆಯ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ, ಒಟ್ಟು ಸಾಮರ್ಥ್ಯ ಬರೆದಿರುತ್ತದೆ. ಅದು 60 ವ್ಯಾಟ್ ಇರಬಹುದು. ಮೊದಲನೆಯದು ಒಂದು ಕಿಂಡಿಯ ಗರಿಷ್ಠ ಮಿತಿ. ಎರಡನೆಯದು ಇಡೀ ಪೆಟ್ಟಿಗೆಯ ಬಂಡವಾಳ. ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಒಂದೇ ಇದ್ದು ಚೆಕ್ ಪುಸ್ತಕ ಎಂಟು ಇದ್ದಂತೆ.

ಒಂದು ಮಧ್ಯಮ ಗಾತ್ರದ ಬಟ್ಟೆ ಅಂಗಡಿಯ ಉದಾಹರಣೆ ತೆಗೆದುಕೊಳ್ಳಬಹುದು. ಎರಡು ಫೋನು, ತಲಾ 4 ವ್ಯಾಟ್. ಒಂದು ವೈ-ಫೈ ಪೆಟ್ಟಿಗೆ, 12 ವ್ಯಾಟ್. ಐದು ಕ್ಯಾಮೆರಾ, ಹಗಲಿನಲ್ಲಿ ತಲಾ 5 ವ್ಯಾಟ್. ಒಟ್ಟು 45 ವ್ಯಾಟ್. ಜೋಡಣೆ ಮುಗಿಸಿದ ತಂತ್ರಜ್ಞ ಮಧ್ಯಾಹ್ನ ಎಲ್ಲವನ್ನೂ ತೋರಿಸಿ, ಸಹಿ ಪಡೆದು, ಹಣ ತೆಗೆದುಕೊಂಡು ಹೋಗುತ್ತಾನೆ. ಕತ್ತಲಾದ ಮೇಲೆ ಕ್ಯಾಮೆರಾಗಳು ಕತ್ತಲಲ್ಲಿ ನೋಡಲು ಬೇಕಾದ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸಿಕೊಳ್ಳುತ್ತವೆ. ಆಗ ಒಂದೊಂದಕ್ಕೂ 10 ವ್ಯಾಟ್ ಬೇಕಾದರೆ ಒಟ್ಟು 70 ವ್ಯಾಟ್ ಆಯಿತು. ಪೆಟ್ಟಿಗೆಯ ಬಂಡವಾಳ 60. ಸ್ವಿಚ್ ತನ್ನನ್ನು ಕಾಪಾಡಿಕೊಳ್ಳಲು ಒಂದೆರಡು ಕಿಂಡಿಗಳ ವಿದ್ಯುತ್ತನ್ನು ಕಡಿದುಹಾಕುತ್ತದೆ. ಸಾಮಾನ್ಯವಾಗಿ ಕಡೆಯ ಸಂಖ್ಯೆಯ ಕಿಂಡಿಗಳಿಗೆ ಈ ಪೆಟ್ಟು. ಅಲ್ಲಿಗೆ ಗೋದಾಮಿನ ಹಿಂಬಾಗಿಲಿನ ಕ್ಯಾಮೆರಾವನ್ನೇ ಜೋಡಿಸಿದ್ದರೆ ಅದು ರಾತ್ರಿಯಿಡೀ ಕುರುಡು. ಬೆಳಿಗ್ಗೆ ಮಾಲೀಕರು ಬಂದು ನೋಡುವಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ, ಏಕೆಂದರೆ ದೀಪಗಳು ಆರಿರುತ್ತವೆ. ಕಳವಾದ ದಿನವಷ್ಟೇ ದೃಶ್ಯ ಇಲ್ಲವೆಂಬುದು ತಿಳಿಯುತ್ತದೆ. ಜನ ಹೆಚ್ಚಾಗಿ ಸೇರುವ ವಾಣಿಜ್ಯ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯಾವಳಿ ಕಾಯ್ದಿಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಅಧಿನಿಯಮ ವಿಧಿಸಿದೆ. ಅದರ ವ್ಯಾಪ್ತಿಗೆ ಬರುವವರಿಗೆ ಇದು ಬರಿಯ ಕಳವಿನ ಪ್ರಶ್ನೆಯಾಗಿ ಉಳಿಯದು.

ಪರಿಹಾರ ಕಷ್ಟದ್ದಲ್ಲ. ಸಾಧನಗಳ ಗರಿಷ್ಠ ಬಳಕೆಯನ್ನು ಕೂಡಿ, ಅದರ ಮೇಲೆ ಕಾಲುಭಾಗ ಹೆಚ್ಚು ಸಾಮರ್ಥ್ಯದ ಸ್ವಿಚ್ ಕೊಂಡರಾಯಿತು. ಬೆಲೆಯ ವ್ಯತ್ಯಾಸ ಒಂದು ಕ್ಯಾಮೆರಾದ ಬೆಲೆಯಷ್ಟೂ ಆಗದಿರಬಹುದು. ಆದರೆ ಕಡಿಮೆ ದರ ಕೊಟ್ಟವರಿಗೇ ಕೆಲಸ ಎಂಬ ಪದ್ಧತಿಯಲ್ಲಿ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಈ ವ್ಯಾಟ್‌ಗಳ ಮೇಲೆಯೇ.

ಕತ್ತರಿ ಬೀಳುವ ಎರಡನೆಯ ವಸ್ತು ಕೇಬಲ್. ಇದು ಇನ್ನಷ್ಟು ಗಂಭೀರವಾದುದು. ಮಾನದಂಡಗಳೆಲ್ಲ ಪೂರ್ಣ ತಾಮ್ರದ ಕೇಬಲನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡಿವೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಅನೇಕ ಕೇಬಲುಗಳಲ್ಲಿ ಒಳಗಿರುವುದು ಅಲ್ಯೂಮಿನಿಯಂ, ಹೊರಗೆ ತಾಮ್ರದ ತೆಳುವಾದ ಲೇಪ. ವ್ಯಾಪಾರದ ಭಾಷೆಯಲ್ಲಿ ಇದು ‘ಸಿ.ಸಿ.ಎ.’. ಬರಿಯ ಮಾಹಿತಿ ಸಾಗಿಸುವಾಗ ಕಡಿಮೆ ದೂರದಲ್ಲಿ ಇದರ ದೋಷ ಎದ್ದು ಕಾಣುವುದಿಲ್ಲ. ವಿದ್ಯುತ್ತು ಹರಿಸಿದಾಗ ಕಾಣುತ್ತದೆ. 802.3ಎಎಫ್ ಲೆಕ್ಕದಲ್ಲಿ ನೂರು ಮೀಟರ್ ತಾಮ್ರದ ಕೇಬಲಿನ ಸುತ್ತುರೋಧವನ್ನು 20 ಓಮ್ ಎಂದು ಹಿಡಿದಿದ್ದಾರೆ, 0.35 ಆಂಪಿಯರ್ ಹರಿದಾಗ ದಾರಿಯಲ್ಲಿ 2.45 ವ್ಯಾಟ್ ಶಾಖವಾಗಿ ನಷ್ಟವಾಗುತ್ತದೆ. 15.4ಕ್ಕೂ 12.95ಕ್ಕೂ ಇರುವ ಅಂತರ ಇದೇ. ಸಿ.ಸಿ.ಎ. ತಂತಿಯ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಅದೇ ಕರೆಂಟಿಗೆ ನಷ್ಟವೂ ಒಂದೂವರೆ ಪಟ್ಟು, ಶಾಖವೂ ಅಷ್ಟೇ. ಇಂಥ ಹತ್ತಿಪ್ಪತ್ತು ಕೇಬಲುಗಳನ್ನು ಒಟ್ಟಿಗೆ ಕಟ್ಟಿ, ಗಾಳಿಯಾಡದ ಪಿ.ವಿ.ಸಿ. ಕೊಳವೆಯಲ್ಲಿ ತುರುಕಿ, ಬಿಸಿಲಿಗೆ ಕಾಯುವ ತಗಡಿನ ಚಾವಣಿಯ ಕೆಳಗೆ ಹಾಯಿಸಿದರೆ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಏನಾಗುತ್ತದೆಂದು ಊಹಿಸಬಹುದು. ಅಲ್ಯೂಮಿನಿಯಂ ಬೇಗ ಮುರಿಯುತ್ತದೆ. ಜೋಡಣೆಯ ತುದಿಯಲ್ಲಿ ತುಕ್ಕು ಹಿಡಿದು ಸಡಿಲಾಗುತ್ತದೆ. ಫೋನು ದಿನಕ್ಕೆ ಹತ್ತು ಬಾರಿ ತಾನೇ ಆರಿ ಹೊತ್ತಿಕೊಳ್ಳತೊಡಗಿದಾಗ ದೂರು ಹೋಗುವುದು ಫೋನಿನ ಮೇಲೆ.

ತಾಮ್ರವೋ ಅಲ್ಲವೋ ಎಂದು ತಿಳಿಯಲು ಪ್ರಯೋಗಾಲಯ ಬೇಕಾಗಿಲ್ಲ. ತಂತಿಯ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು ಅಲ್ಯೂಮಿನಿಯಂ. 305 ಮೀಟರಿನ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿದರೆ ತಾಮ್ರದ ಪೆಟ್ಟಿಗೆ ಗಣನೀಯವಾಗಿ ಭಾರ. ವರ್ತಕರಿಗೆ ತೂಕದ ಭಾಷೆ ಕಲಿಸಬೇಕಾಗಿಲ್ಲ.

ಸಂಕೋಚವಿಲ್ಲದೆ ಹೇಳಬೇಕಾದ ಮಾತೊಂದಿದೆ. ಈ ಕೇಬಲನ್ನು ತಾಮ್ರವೆಂದು ಮಾರುವವರೂ ವರ್ತಕರೇ, ಮೋಸ ಹೋಗುವವರೂ ವರ್ತಕರೇ. ಮೋಸ ಹೋದವರಿಗೆ ಗ್ರಾಹಕ ಆಯೋಗದ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ‘ಗ್ರಾಹಕ’ರಲ್ಲ, ಸ್ವಂತ ಉದ್ಯೋಗದಿಂದ ಜೀವನೋಪಾಯ ಗಳಿಸಲೆಂದೇ ಕೊಂಡು ಬಳಸುವವರಿಗೆ ಮಾತ್ರ ವಿನಾಯಿತಿಯಿದೆ. ಉಳಿದವರ ಕೈಯಲ್ಲಿರುವ ಅಸ್ತ್ರವೆಂದರೆ 1930ರ ಸರಕು ಮಾರಾಟ ಕಾಯ್ದೆ. ಅದರ 15ನೆಯ ಕಲಮಿನ ಪ್ರಕಾರ ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿರಲೇಬೇಕು. ಆದರೆ ಬಿಲ್ಲಿನಲ್ಲಿ ‘ನೆಟ್‌ವರ್ಕಿಂಗ್ ಕೆಲಸ, ಒಟ್ಟು ಮೊತ್ತ ಇಷ್ಟು’ ಎಂದು ಒಂದೇ ಸಾಲು ಬರೆಸಿಕೊಂಡವರಿಗೆ ತೋರಿಸಲು ವಿವರಣೆಯಾದರೂ ಎಲ್ಲಿದೆ? ‘ಕ್ಯಾಟ್-6, ಪೂರ್ಣ ತಾಮ್ರ’ ಎಂಬ ಶಬ್ದಗಳು ಖರೀದಿ ಆದೇಶದಲ್ಲೂ ಬಿಲ್ಲಿನಲ್ಲೂ ಇದ್ದರೆ ಮಾತ್ರ ಆ ಕಲಮಿಗೆ ಜೀವ. ಹೀಗೆ ಬರೆದುಕೊಡಲು ಮಾರಾಟಗಾರ ಹಿಂಜರಿದರೆ ಅದರಿಂದಲೇ ಅರ್ಧ ಉತ್ತರ ಸಿಕ್ಕಂತೆ.

ಮೂರನೆಯದು ಬ್ಯಾಟರಿ. ವಿದ್ಯುತ್ತನ್ನು ಒಂದೇ ಕಡೆಗೆ ತಂದುದರ ಮುಖ್ಯ ಲಾಭವೇ ಇದು. ಎಂಟು ಅಡಾಪ್ಟರುಗಳಿಗೆ ಎಂಟು ಬ್ಯಾಟರಿ ಇಡುವುದು ಅಸಾಧ್ಯ. ಒಂದು ಸ್ವಿಚ್ಚಿಗೆ ಒಂದು ಬ್ಯಾಟರಿ ಸುಲಭ. ಆದರೂ ಸ್ವಿಚ್ಚನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಜೋಡಿಸಿರುವ ಅಂಗಡಿಗಳು ಬೇಕಾದಷ್ಟಿವೆ. ಅಂಥಲ್ಲಿ ಕರೆಂಟು ಹೋದ ಕ್ಷಣ ಫೋನು, ಕ್ಯಾಮೆರಾ, ಇಂಟರ್ನೆಟ್ ಒಟ್ಟಿಗೆ ಸಾಯುತ್ತವೆ.

ಮೇಲಿನ ಅಂಗಡಿಯ ಲೆಕ್ಕವನ್ನೇ ಮುಂದುವರಿಸಬಹುದು. ಸಾಧನಗಳಿಗೆ 70 ವ್ಯಾಟ್ ತಲುಪಬೇಕಾದರೆ ಕೇಬಲಿನ ನಷ್ಟ, ಸ್ವಿಚ್ಚಿನ ಸ್ವಂತ ಬಳಕೆ ಸೇರಿ ಗೋಡೆಯಿಂದ ಸುಮಾರು 95 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ದೃಶ್ಯ ದಾಖಲಿಸುವ ಯಂತ್ರ ಮತ್ತು ಇಂಟರ್ನೆಟ್ ಪೆಟ್ಟಿಗೆಗೆ ಇನ್ನೊಂದು 25 ವ್ಯಾಟ್. ಒಟ್ಟು 120. ಸಣ್ಣ ಯು.ಪಿ.ಎಸ್.ಗಳಲ್ಲಿ ಇರುವುದು 12 ವೋಲ್ಟ್, 7 ಎ.ಎಚ್. ಬ್ಯಾಟರಿ; ಕಾಗದದ ಮೇಲೆ 84 ವ್ಯಾಟ್-ಗಂಟೆ, ಇಷ್ಟು ಭಾರ ಹೊತ್ತಾಗ ಕೈಗೆ ಸಿಗುವುದು ಅದರಲ್ಲಿ ಅರ್ಧದ ಆಸುಪಾಸು. ಅರ್ಧ ಗಂಟೆಯೊಳಗೆ ಕಥೆ ಮುಗಿಯುತ್ತದೆ. ಅದೇ ಅಂಗಡಿಯಲ್ಲಿ ದೀಪ, ಫ್ಯಾನುಗಳಿಗಾಗಿ 150 ಎ.ಎಚ್. ಟ್ಯೂಬ್ಯುಲರ್ ಬ್ಯಾಟರಿಯ ಇನ್‌ವರ್ಟರ್ ಆಗಲೇ ಇರುವುದುಂಟು. ಅದರ 1,800 ವ್ಯಾಟ್-ಗಂಟೆಯಲ್ಲಿ ಶೇಕಡ 60 ಮಾತ್ರ ಬಳಸಿದರೂ ಈ ಭಾರಕ್ಕೆ ಒಂಬತ್ತು ಗಂಟೆ. ಹೊಸ ಯು.ಪಿ.ಎಸ್. ಕೊಳ್ಳುವ ಮೊದಲು ಸ್ವಿಚ್ಚಿನ ಪ್ಲಗ್ಗನ್ನು ಇನ್‌ವರ್ಟರ್ ಲೈನಿಗೆ ಬದಲಿಸುವುದು ಒಬ್ಬ ವಿದ್ಯುತ್ ಕೆಲಸಗಾರನ ಅರ್ಧ ದಿನದ ಕೂಲಿಯಲ್ಲಿ ಆಗುವ ಕೆಲಸ. ಒಂದು ಎಚ್ಚರಿಕೆ ಬೇಕು. ಅನೇಕ ಇನ್‌ವರ್ಟರುಗಳಲ್ಲಿ ಸಾಧಾರಣ ವಿಧಾನ ಮತ್ತು ಯು.ಪಿ.ಎಸ್. ವಿಧಾನ ಎಂಬ ಎರಡು ಆಯ್ಕೆಗಳಿರುತ್ತವೆ. ಸಾಧಾರಣ ವಿಧಾನದಲ್ಲಿ ಬ್ಯಾಟರಿಗೆ ಹೊರಳುವ ಹೊತ್ತಿನ ಅಂತರ ಹೆಚ್ಚಾಗಿ ಸ್ವಿಚ್ ಒಮ್ಮೆ ಆರಿ ಹೊತ್ತಿಕೊಳ್ಳಬಹುದು. ಅದರ ಹಿಂದೆಯೇ ಎಲ್ಲ ಫೋನುಗಳೂ ಮೊದಲಿನಿಂದ ಆರಂಭವಾಗಿ ಒಂದೆರಡು ನಿಮಿಷ ಮೂಕವಾಗುತ್ತವೆ. ಆಯ್ಕೆಯ ಗುಂಡಿಯನ್ನು ಯು.ಪಿ.ಎಸ್. ಕಡೆಗೆ ತಿರುಗಿಸಿಡಬೇಕು. ಇಂಟರ್ನೆಟ್ ಪೆಟ್ಟಿಗೆಯನ್ನು ಮರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಫೋನಿಗೆ ಜೀವವಿದ್ದು ಹೊರಗಿನ ದಾರಿ ಮುಚ್ಚಿದ್ದರೆ ಮಾಲೀಕರು ಒಳಗೊಳಗೇ ಗುಮಾಸ್ತರೊಡನೆ ಮಾತನಾಡಬಹುದು, ಅಷ್ಟೇ.

ಬಳಕೆಯ ವೆಚ್ಚವೂ ಗಮನಾರ್ಹ. ಹಗಲಿನ ಹನ್ನೆರಡು ಗಂಟೆ 67 ವ್ಯಾಟ್, ರಾತ್ರಿಯ ಹನ್ನೆರಡು ಗಂಟೆ 95 ವ್ಯಾಟ್ ಎಂದು ಹಿಡಿದರೂ ಸ್ವಿಚ್ಚೊಂದೇ ದಿನಕ್ಕೆ ಎರಡು ಯೂನಿಟ್‌ಗೆ ತುಸು ಕಡಿಮೆ, ವರ್ಷಕ್ಕೆ ಸುಮಾರು 700 ಯೂನಿಟ್ ಎಳೆಯುತ್ತದೆ. ಯೂನಿಟ್‌ಗೆ 8 ರೂಪಾಯಿಯಂತೆ ಲೆಕ್ಕಿಸಿದರೆ 5,600 ರೂಪಾಯಿ. ಸಮಯ ನಿಗದಿ ಮಾಡಬಲ್ಲ ಸ್ವಿಚ್ಚಾದರೆ ಫೋನು, ವೈ-ಫೈಗಳನ್ನು ರಾತ್ರಿ ತಾನೇ ಆರಿಸಿ ವರ್ಷಕ್ಕೆ 80-90 ಯೂನಿಟ್ ಉಳಿಸಬಹುದು. ಇದಕ್ಕಾಗಿಯೇ ದುಬಾರಿ ಸ್ವಿಚ್ ಕೊಳ್ಳುವಷ್ಟು ಉಳಿತಾಯ ಇದಲ್ಲ.

ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಕಟ್ಟಿಹಾಕುವುದರಲ್ಲಿ ಅಪಾಯವೂ ಇದೆ. ಪೆಟ್ಟಿಗೆ ಕೆಟ್ಟರೆ ಎಲ್ಲವೂ ಕೆಟ್ಟಂತೆ. ವಿಶೇಷವಾಗಿ ಮಲೆನಾಡು, ಕರಾವಳಿಯ ಸಿಡಿಲಿನ ದಿನಗಳಲ್ಲಿ ಅಂಗಳದ ಕಂಬದ ಮೇಲಿನ ಕ್ಯಾಮೆರಾದಿಂದ ತಾಮ್ರದ ಕೇಬಲ್ ಹಿಡಿದು ಬರುವ ಅಧಿಕ ವೋಲ್ಟೇಜ್ ಸ್ವಿಚ್ಚನ್ನೂ ಅದರ ಹಿಂದಿನ ಗಣಕಯಂತ್ರಗಳನ್ನೂ ಒಂದೇ ಏಟಿಗೆ ಸುಡಬಲ್ಲುದು. ಹೊರಾಂಗಣದ ಕೇಬಲಿಗೆ ಸರ್ಜ್ ರಕ್ಷಕ, ಸರಿಯಾದ ಅರ್ತಿಂಗ್ ಎರಡೂ ಬೇಕು. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವ ಬದಲು ಗಾಜಿನ ಎಳೆ ಹಾಕಿ, ಆಚೆ ಕಟ್ಟಡದಲ್ಲಿ ಬೇರೆ ಸ್ವಿಚ್ ಇಡುವುದು ಲೇಸು. ಮೊದಲು ದೋಷವೆಂದು ಹೇಳಿದ ಗಾಜಿನ ಗುಣ ಇಲ್ಲಿ ವರವಾಗುತ್ತದೆ: ಅದು ಸಿಡಿಲಿನ ವಿದ್ಯುತ್ತನ್ನೂ ಒಯ್ಯಲಾರದು.

ಇನ್ನು ಲೆಕ್ಕಪುಸ್ತಕದ ಮಾತು. ಇಡೀ ಕೆಲಸಕ್ಕೆ ಒಂದೇ ಮೊತ್ತದ ಬಿಲ್ಲು ಪಡೆಯುವ ಅಭ್ಯಾಸದಿಂದ ಇಲ್ಲಿಯೂ ನಷ್ಟವಿದೆ. 1961ರ ಆದಾಯ ತೆರಿಗೆ ಕಾಯ್ದೆಯಡಿಯ ನಿಯಮಗಳಲ್ಲಿ ಗಣಕಯಂತ್ರಗಳ ಸವಕಳಿ ಶೇಕಡ 60 ಇದ್ದದ್ದು 2017ರ ಏಪ್ರಿಲ್ 1ರಿಂದ 40ಕ್ಕೆ ಇಳಿಯಿತು. ಸಾಮಾನ್ಯ ಯಂತ್ರೋಪಕರಣಕ್ಕೆ 15. ವೈರಿಂಗ್ ಸೇರಿದಂತೆ ವಿದ್ಯುತ್ ಜೋಡಣೆಗಳಿಗೆ 10. ಗಣಕಯಂತ್ರಗಳೊಡನೆ ಸೇರಿ ಕೆಲಸ ಮಾಡುವ ರೌಟರ್, ಸ್ವಿಚ್ಚುಗಳನ್ನು ಗಣಕಯಂತ್ರದ ವರ್ಗಕ್ಕೆ ಸೇರಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬೈ ವಿಶೇಷ ಪೀಠ 2010ರಲ್ಲಿ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ಹೇಳಿತು. ಇ.ಪಿ.ಎ.ಬಿ.ಎಕ್ಸ್. ಮತ್ತು ಮೊಬೈಲ್ ಫೋನುಗಳು ಗಣಕಯಂತ್ರವಲ್ಲವೆಂದು ಕೇರಳ ಹೈಕೋರ್ಟ್ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ ತೀರ್ಮಾನಿಸಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಅಂಗೀಕಾರವಾಗಿದೆ. ಆದರೂ ಯಾವ ವಸ್ತು ಯಾವ ವರ್ಗಕ್ಕೆ ಎಂಬ ವಾದಕ್ಕೆ ಈ ತೀರ್ಪುಗಳ ತರ್ಕವೇ ಆಧಾರವಾಗುವ ಸಂಭವ ಹೆಚ್ಚು. ಫೋನು, ಕ್ಯಾಮೆರಾ, ಗಣಕಯಂತ್ರ ಮೂರಕ್ಕೂ ಸೇವೆ ಸಲ್ಲಿಸುವ ಪಿ.ಒ.ಇ. ಸ್ವಿಚ್ಚನ್ನು ಯಾವ ವರ್ಗಕ್ಕೆ ಹಾಕಬೇಕೆಂಬುದು ಅದರ ಮುಖ್ಯ ಬಳಕೆಯನ್ನು ಅವಲಂಬಿಸುತ್ತದೆ. ಬಿಲ್ಲು ಒಂದೇ ಸಾಲಿನದಾದರೆ ಈ ವಾದವನ್ನು ಮಂಡಿಸಲೂ ಅವಕಾಶವಿರದು; ಅಧಿಕಾರಿ ಇಡೀ ಮೊತ್ತವನ್ನು ಕಡಿಮೆ ದರದ ಸವಕಳಿಗೆ ತಳ್ಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಹಾಗೆಯೇ ಹೊಸ ಕಟ್ಟಡ ಕಟ್ಟಿಸುವಾಗ ಕೇಬಲಿನ ಕೆಲಸವನ್ನು ಕಟ್ಟಡ ಗುತ್ತಿಗೆದಾರರ ಬಿಲ್ಲಿನಲ್ಲೇ ಸೇರಿಸಿಬಿಟ್ಟರೆ, ಸ್ಥಿರಾಸ್ತಿ ನಿರ್ಮಾಣಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ನಿರಾಕರಿಸುವ ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನ ಬಲೆಗೆ ತಾವಾಗಿಯೇ ಹೋಗಿ ಬಿದ್ದಂತೆ.

ಒಂದು ಫೋನು, ಒಂದು ಗಣಕಯಂತ್ರ ಇರುವ ಚಿಕ್ಕ ಅಂಗಡಿಗೆ ಇದಾವುದೂ ಬೇಡ. ಇರುವ ಅಡಾಪ್ಟರನ್ನು ಇನ್‌ವರ್ಟರ್ ಪ್ಲಗ್ಗಿಗೆ ಹಾಕಿಕೊಂಡರೆ ಸಾಕು. ಸಾಧನಗಳು ನಾಲ್ಕೈದು ದಾಟಿ, ಚಾವಣಿಗೋ ಗೋದಾಮಿಗೋ ವಿಸ್ತರಿಸಿದಾಗ ಪಿ.ಒ.ಇ. ತನ್ನ ಹಣವನ್ನು ತಾನೇ ದುಡಿದುಕೊಡುತ್ತದೆ. ಮಾರಾಟದ ಉತ್ಸಾಹದಲ್ಲಿ ಎಲ್ಲರಿಗೂ 90 ವ್ಯಾಟಿನ ಸ್ವಿಚ್ ಹೊರಿಸುವವರ ಮಾತಿಗೂ ಕಿವಿಗೊಡಬೇಕಾಗಿಲ್ಲ.

ವಾಣಿಜ್ಯ ಸಂಸ್ಥೆಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಒಂದು ಪುಟದಷ್ಟು. ಕೊಳ್ಳುವವರೂ ಮಾರುವವರೂ ಒಂದೇ ಸಂಸ್ಥೆಯ ಸದಸ್ಯರಾಗಿರುವುದರಿಂದ ಇಬ್ಬರೂ ಒಪ್ಪುವ ದರಪಟ್ಟಿಯ ಮಾದರಿಯೊಂದನ್ನು ರೂಪಿಸುವುದು ಕಠಿಣವಲ್ಲ. ಮಾನದಂಡದ ಸಂಖ್ಯೆ, ಸ್ವಿಚ್ಚಿನ ಒಟ್ಟು ವ್ಯಾಟ್, ಸಾಧನಗಳ ರಾತ್ರಿಯ ಒಟ್ಟು ಬಳಕೆ, ಕೇಬಲಿನ ಲೋಹ, ಕರೆಂಟು ಹೋದ ಮೇಲೆ ಎಷ್ಟು ಹೊತ್ತು ನಡೆಯಬೇಕು ಎಂಬ ಕರಾರು, ಸ್ವಿಚ್ಚು, ಫೋನು, ಕ್ಯಾಮೆರಾ, ಕೇಬಲು, ಕೂಲಿಗಳಿಗೆ ಬೇರೆ ಬೇರೆ ಸಾಲು, ಇಷ್ಟಿದ್ದರೆ ಸಾಕು. ಪೂರ್ಣ ತಾಮ್ರ ಮಾರುವ ಪ್ರಾಮಾಣಿಕ ವ್ಯಾಪಾರಿ ಇಂದು ಸಿ.ಸಿ.ಎ. ದರದೆದುರು ಸೋಲುತ್ತಿದ್ದಾನೆ; ಈ ಮಾದರಿಯಿಂದ ಮೊದಲ ಲಾಭ ಅವನಿಗೇ. ಕೊನೆಯ ಕಂತಿನ ಹಣವನ್ನು ಮಧ್ಯಾಹ್ನದ ಪ್ರದರ್ಶನ ನೋಡಿ ಕೊಡದೆ ಸಂಜೆಯವರೆಗೆ ತಡೆಹಿಡಿಯುವ ಷರತ್ತನ್ನೂ ಅದರಲ್ಲಿ ಸೇರಿಸಬೇಕು. ಕತ್ತಲಾಗಿ ಎಲ್ಲ ಕ್ಯಾಮೆರಾಗಳ ದೀಪ ಹೊತ್ತಿದ ಮೇಲೆ ಮೈನ್ ಸ್ವಿಚ್ ಆರಿಸಿ, ಹೊರಗಿನ ಸಂಖ್ಯೆಯೊಂದರಿಂದ ಕಚೇರಿಗೆ ಕರೆ ಮಾಡಿ, ಕರಾರಿನ ಹೊತ್ತು ಮುಗಿದ ಮೇಲೆ ಮತ್ತೊಮ್ಮೆ ಮಾಡಿ, ಎರಡು ಕರೆಗಳೂ ತಲುಪಿದ ವೇಳೆಯನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು, ಆಮೇಲೆ ಚೆಕ್ಕಿಗೆ ಸಹಿ ಹಾಕಬಹುದು.